ಗಂಡು ಕೂಸಿಗೆ ಮೂತ್ರ ಕಟ್ಟಿದೆ, ಪಾದವೂ ಸೊಟ್ಟ: ಕಾರಣ ಒಂದೇನಾ? ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ರಾತ್ರಿಪಾಳಿ_ಸಿಸ್ಟರ್

ಜಿಲ್ಲಾ ಆಸ್ಪತ್ರೆಯ ಎಸ್‌ಎನ್‌ಸಿಯು (ಕಾಯಿಲೆಯ ನವಜಾತ ಶಿಶುಗಳ ಘಟಕ) ಗೋಡೆಗೆ ಅಂಟಿಸಲು ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿ, ಬಿಟ್ಟದ್ದಿದ್ದರೆ ಸೇರಿಸಿ.

ದಿನ ತುಂಬಿ ಹುಟ್ಟಿದ ಗಂಡು ಕೂಸು, ತೂಕ 2.6 ಕೆ.ಜಿ. ಅಂತಿಟ್ಟುಕೊಳ್ಳಿ. ಎಂಟನೇ ತಿಂಗಳ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಎರಡೂ ಕಿಡ್ನಿ ಊದಿವೆ, ಮೂತ್ರಕೋಶದ ಗೋಡೆ ದಪ್ಪ, ಗರ್ಭದ ನೀರಿನ ಅಳತೆ (ಎಎಫ್‌ಐ) 4 ಸೆಂ.ಮೀ., ಅಂದರೆ ಕಡಿಮೆ, ಅಂತ ಬರೆದಿದೆ. ಹುಟ್ಟಿದ ಮೇಲೆ ಉಚ್ಚೆ ಧಾರೆಯಾಗಿ ಬರುತ್ತಿಲ್ಲ, ತೊಟ್ಟು ತೊಟ್ಟಾಗಿ ಸೋರುತ್ತಿದೆ. ಎರಡೂ ಪಾದ ಒಳಕ್ಕೆ ತಿರುಗಿವೆ. ಮಕ್ಕಳ ಸರ್ಜನ್ ಇರುವ ಊರಿಗೆ ಕಳಿಸುವುದಂತೂ ಖಚಿತ. ಅಲ್ಲಿಯವರೆಗೆ ನಮ್ಮ ಕೈಲಿ ಆಗಬೇಕಾದ್ದೇನು?

ಮುಖ್ಯವಾಗಿ ಬೇಕಿರುವುದು ಇಷ್ಟು. ಪಾದ ಸೊಟ್ಟಗಾದದ್ದು ಮೂತ್ರ ಕಟ್ಟಿದ್ದರಿಂದಲೋ, ಅದು ಬೇರೆಯದೇ ದೋಷವೋ, ವಾರ್ಮರ್ (ಕೂಸನ್ನು ಬೆಚ್ಚಗಿಡುವ ಹಾಸಿಗೆ) ಪಕ್ಕದಲ್ಲೇ ಗೊತ್ತುಮಾಡಿಕೊಳ್ಳುವುದು ಹೇಗೆ? ಕ್ಯಾಥೆಟರ್ (ಮೂತ್ರದ ನಳಿಕೆ) ಯಾವ ಸೈಜು, ಎಷ್ಟು ಒಳಗೆ, ಎಲ್ಲಿ ಎಡವುತ್ತೇವೆ? ಪಾದಕ್ಕೆ ಪ್ಲಾಸ್ಟರ್ ಯಾವಾಗ, ಮೂತ್ರದ ಆಪರೇಷನ್‌ಗೆ ಅದು ಅಡ್ಡವೇ? ಪಾದದ ಬದಲು ಕೈಯಲ್ಲಿ ದೋಷ ಕಂಡರೆ ಲೆಕ್ಕ ಬದಲಾಗುತ್ತದೆಯೇ? ಕೊನೆಯದು, ಅಜ್ಜಿಯರು ಕೇಳುವ ಪ್ರಶ್ನೆ: ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದಾ?

ಉತ್ತರ 1: ಶಿಶುವೈದ್ಯ_ಹಳಬ

ಸಿಸ್ಟರ್, ಸೂಚನೆಯ ಮೊದಲ ಸಾಲು ಮೂತ್ರದ್ದೂ ಬೇಡ, ಪಾದದ್ದೂ ಬೇಡ. ಉಸಿರಿನದ್ದಾಗಿರಲಿ. ಏಕೆ ಅನ್ನುವುದರಲ್ಲೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಇದೆ.

ಸುಮಾರು 16 ವಾರ ಕಳೆದ ಮೇಲೆ ಗರ್ಭದ ನೀರಿನ ಬಹುಪಾಲು ಕೂಸಿನ ಮೂತ್ರವೇ. ಕೂಸು ಅದನ್ನು ಕುಡಿಯುತ್ತದೆ, ಮತ್ತೆ ಉಚ್ಚೆಯಾಗಿ ಬಿಡುತ್ತದೆ. ದಾರಿ ಕಟ್ಟಿದರೆ ನೀರು ಇಂಗುತ್ತದೆ. ಆ ನೀರಿನಿಂದ ಆಗುವ ಕೆಲಸ ಎರಡು: ಕೈಕಾಲು ಆಡಿಸಲು ಜಾಗ ಸಿಗುವುದು, ಶ್ವಾಸಕೋಶ ಅರಳುವುದು. ನೀರಿಲ್ಲದಾಗ ಗರ್ಭಕೋಶದ ಗೋಡೆ ಕೂಸನ್ನು ಒತ್ತಿ ಹಿಡಿಯುತ್ತದೆ. ಸರಿಯಾಗಿಯೇ ಮೂಡಿದ್ದ ಪಾದ ಒಳಕ್ಕೆ ಮಡಚಿಕೊಳ್ಳುತ್ತದೆ, ಸೊಂಟದ ಕೀಲು ಸಡಿಲವಾಗುತ್ತದೆ, ಮೊಣಕಾಲು ಬಿಗಿಯುತ್ತದೆ. ಮುಖದಲ್ಲೂ ಗುರುತು ಉಳಿಯುತ್ತದೆ: ಕಣ್ಣಿನ ಕೆಳಗೆ ಆಳವಾದ ಗೆರೆ, ಚಪ್ಪಟೆ ಮೂಗು, ಕೆಳಗಿಳಿದ ಕಿವಿ, ಹಿಂದೆ ಸರಿದ ಗಲ್ಲ. ಎಡಿತ್ ಪಾಟರ್ 1946ರಲ್ಲಿ ಕಿಡ್ನಿಯೇ ಇಲ್ಲದ ಕೂಸುಗಳಲ್ಲಿ ವಿವರಿಸಿದ್ದು ಇದೇ ಚಹರೆ. ಕಾರಣ ಯಾವುದಾದರೂ ಇರಲಿ, ನೀರು ಇಂಗಿದರೆ ಚಹರೆ ಬರುತ್ತದೆ.

ಹಾಗಾಗಿ ಸೊಟ್ಟ ಪಾದ ಕಂಡಾಗ ಎದೆಯನ್ನು ನೋಡಿ. ಪಾದವನ್ನು ಮಡಚಿದ ಆ ಒತ್ತಡವೇ ಶ್ವಾಸಕೋಶವನ್ನೂ ಕುಗ್ಗಿಸಿರಬಹುದು. ಎದೆಗೂಡು ಗಂಟೆಯಾಕಾರದಲ್ಲಿ ಚಿಕ್ಕದಾಗಿ, ಹೊಟ್ಟೆ ಮಾತ್ರ ಉಬ್ಬಿದ್ದರೆ ಎಚ್ಚರ. ಉಸಿರು ಕೊಡುವ ಆಂಬು ಬ್ಯಾಗನ್ನು ಜೋರಾಗಿ ಒತ್ತಿದರೆ ಇಂಥ ಶ್ವಾಸಕೋಶ ಒಡೆದು ಎದೆಯೊಳಗೆ ಗಾಳಿ ತುಂಬುತ್ತದೆ. ಒತ್ತಡವನ್ನು ಮಿತಿಯಲ್ಲಿಡುವ ಟಿ-ಪೀಸ್ ಇದ್ದರೆ ಅದನ್ನೇ ಬಳಸಿ. ಇಲ್ಲವಾದರೆ ಎದೆ ಅಲುಗುವಷ್ಟು ಒತ್ತಿದರೆ ಸಾಕು. ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ನೀಲಿಯಾದರೆ ಕತ್ತಲೆ ಮಾಡಿ ಎದೆಗೆ ಟಾರ್ಚ್ ಹಿಡಿಯಿರಿ. ಒಂದು ಬದಿ ಲಾಂದ್ರದ ಹಾಗೆ ಹೊಳೆದರೆ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ.

ನೀರು ಯಾವಾಗ ಕಡಿಮೆಯಾಯಿತು ಅನ್ನುವುದೂ ಮುಖ್ಯ. 20 ವಾರದ ಸ್ಕ್ಯಾನಿನಲ್ಲೇ ನೀರಿಲ್ಲದಿದ್ದರೆ ಶ್ವಾಸಕೋಶದ ಕಥೆ ಕಷ್ಟದ್ದು. ಆಗ ಸರಿಯಿದ್ದು ಎಂಟನೇ ತಿಂಗಳಲ್ಲಿ ಇಳಿದಿದ್ದರೆ ಉಸಿರಾಟ ಸಾಮಾನ್ಯವಾಗಿ ಪರವಾಗಿಲ್ಲ. ಆದ್ದರಿಂದ ತಾಯಿ ಕಾರ್ಡಿನ ಜೊತೆ ಹಳೆಯ ಸ್ಕ್ಯಾನ್ ರಿಪೋರ್ಟುಗಳನ್ನೆಲ್ಲ ಕೇಳಿ ಪಡೆಯಿರಿ, ಕೊನೆಯದೊಂದೇ ಸಾಲದು.

ಇನ್ನು ಮೂತ್ರ. "ಕೂಸು ಉಚ್ಚೆ ಹೊಯ್ದಿದೆ" ಅಂತ ನೋಟ್ಸಿನಲ್ಲಿ ಬರೆದು ನಿಶ್ಚಿಂತರಾಗುವುದೇ ದೊಡ್ಡ ತಪ್ಪು. ತುಂಬಿದ ಕೊಡ ತುಳುಕಿದಂತೆ ಬಟ್ಟೆ ಒದ್ದೆಯಾಗುತ್ತಲೇ ಇರುತ್ತದೆ, ಕೋಶ ಖಾಲಿಯಾಗಿರುವುದಿಲ್ಲ. ಡಯಪರ್ ಬಿಚ್ಚಿಟ್ಟು ಧಾರೆಯನ್ನು ಕಣ್ಣಾರೆ ನೋಡಿ. ಆಮೇಲೆ ಹೊಕ್ಕುಳಿನ ಕೆಳಗೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ. ಸಾಮಾನ್ಯ ಮೂತ್ರಕೋಶ ತುಂಬಿದ್ದರೂ ಮೆತ್ತಗೆ ಸಿಗುತ್ತದೆ. ಮೂತ್ರನಾಳದಲ್ಲಿ ಕವಾಟದಂಥ ಪೊರೆ ಅಡ್ಡ ನಿಂತ ಕೂಸಿನದು ಹಸಿ ಅಡಿಕೆಕಾಯಿಯ ಹಾಗೆ ಗಟ್ಟಿಯಾಗಿ, ಉಚ್ಚೆ ಬಂದ ಮೇಲೂ ಅಲ್ಲೇ ಕೈಗೆ ಸಿಗುತ್ತದೆ.

ಒಂದು ಅಪವಾದ. ಹೊಟ್ಟೆಯ ಚರ್ಮ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ, ಕರುಳಿನ ಓಡಾಟ ಹೊರಗಿನಿಂದಲೇ ಕಾಣುತ್ತಿದ್ದರೆ ಮತ್ತು ಎರಡೂ ವೃಷಣ ಚೀಲಕ್ಕೆ ಇಳಿದಿರದಿದ್ದರೆ ಅದು ಪ್ರೂನ್ ಬೆಲ್ಲಿ. ಅಲ್ಲಿಯೂ ಮೂತ್ರಕೋಶ ದೊಡ್ಡದು, ಪಾದವೂ ಸೊಟ್ಟಗಿರಬಹುದು. ಆದರೆ ಹೆಚ್ಚಿನವರಲ್ಲಿ ದಾರಿ ಕಟ್ಟಿರುವುದಿಲ್ಲ, ಸ್ನಾಯುವೇ ಸೋತಿರುತ್ತದೆ. ಅಂಥ ಕೂಸಿಗೆ ಸರ್ಜನ್ನರನ್ನು ಕೇಳದೆ ನಳಿಕೆ ಹಾಕಬೇಡಿ. ನಿಂತ ನೀರಿಗೆ ಸೋಂಕು ಸೇರಿದರೆ ತೆಗೆಯುವುದು ಬಹಳ ಕಷ್ಟ.

ಉತ್ತರ 2: ಮಕ್ಕಳ_ಸರ್ಜರಿ

ಹಳಬರು ಹೇಳಿದ್ದಕ್ಕೆ ಮುಂದುವರಿಕೆ. ಈ ಚಿತ್ರದಲ್ಲಿ ಮೊದಲ ಅನುಮಾನ ಪಿಯುವಿ, ಅಂದರೆ ಮೂತ್ರನಾಳದ ಹಿಂಭಾಗದ ಕವಾಟ. ಗಂಡು ಮಕ್ಕಳಿಗೆ ಮಾತ್ರ ಬರುವಂಥದ್ದು, ಹೆಚ್ಚುಕಡಿಮೆ 5,000ದಿಂದ 8,000 ಗಂಡು ಕೂಸುಗಳಿಗೆ ಒಂದು. ಪಂಪ್‌ಸೆಟ್ಟಿನ ಫುಟ್‌ವಾಲ್ವ್ ನೋಡಿದ್ದೀರಲ್ಲ, ನೀರು ಒಂದೇ ಕಡೆಗೆ ಹೋಗಲು ಬಿಡುವುದು? ಇದೂ ಹಾಗೇ, ತಿರುಗಿಸಿ ಕೂರಿಸಿದಂತೆ. ಮೇಲಿನಿಂದ ಬರುವ ಮೂತ್ರಕ್ಕೆ ಹಾಯಿಯಂತೆ ಉಬ್ಬಿ ಅಡ್ಡ ನಿಲ್ಲುತ್ತದೆ, ಕೆಳಗಿನಿಂದ ಹೋಗುವ ನಳಿಕೆಗೆ ದಾರಿ ಬಿಡುತ್ತದೆ. ಅದಕ್ಕೇ "ನಳಿಕೆ ಸಲೀಸಾಗಿ ಹೋಯಿತು, ಹಾಗಾಗಿ ತಡೆ ಇಲ್ಲ" ಅನ್ನುವ ಮಾತು ತಪ್ಪು.

ಬೇಕಾದ್ದು 5 ಅಥವಾ 6 ಫ್ರೆಂಚ್ ಇನ್‌ಫ್ಯಾಂಟ್ ಫೀಡಿಂಗ್ ಟ್ಯೂಬ್. 6 ಫ್ರೆಂಚ್ ಅಂದರೆ 2 ಮಿ.ಮೀ. ದಪ್ಪ. ಕೈಗವಸು, ಸ್ಟೆರೈಲ್ ಬಟ್ಟೆ, ಜೆಲ್ಲಿ ಎಲ್ಲ ಮಾಮೂಲು. ಮುಂದೊಗಲನ್ನು ಬಲವಂತವಾಗಿ ಹಿಂದಕ್ಕೆ ಎಳೆಯಬೇಡಿ, ರಂಧ್ರ ಕಾಣುವಷ್ಟು ಸರಿಸಿದರೆ ಸಾಕು. ಶಿಶ್ನವನ್ನು ನೇರ ಮೇಲಕ್ಕೆ ಹಿಡಿದು ನಿಧಾನವಾಗಿ ತಳ್ಳಿ. ಆರೋಗ್ಯವಂತ ಗಂಡು ಕೂಸಿಗೆ ಸುಮಾರು 6 ಸೆಂ.ಮೀ. ಹೋಗುವಷ್ಟರಲ್ಲಿ ಮೂತ್ರ ಕಾಣುತ್ತದೆ.

ಎಡವುವುದು ಇಲ್ಲೇ. ಕವಾಟದ ಮೇಲಿನ ನಾಳ ಉಬ್ಬಿ ಚೀಲದಂತಾಗಿರುತ್ತದೆ, ಅದರಾಚೆ ಮೂತ್ರಕೋಶದ ಕೊರಳು ದಪ್ಪಗಾಗಿ ಮೆಟ್ಟಿಲಿನಂತೆ ಎದ್ದಿರುತ್ತದೆ. ಟ್ಯೂಬಿನ ತುದಿ ಆ ಮೆಟ್ಟಿಲಿಗೆ ತಾಗಿ ಚೀಲದೊಳಗೇ ಸುರುಳಿ ಸುತ್ತಿಕೊಳ್ಳುತ್ತದೆ. ಅಲ್ಲಿಯೂ ಒಂದಿಷ್ಟು ಮೂತ್ರ ಇರುವುದರಿಂದ ಬ್ಯಾಗಿಗೆ ನಾಲ್ಕು ಹನಿ ಬೀಳುತ್ತದೆ, ನಾವು ಗೆದ್ದೆವು ಅಂದುಕೊಳ್ಳುತ್ತೇವೆ. ಗುರುತು ಏನು? ಮೊದಲು ಸ್ವಲ್ಪ ಬಂದು ನಿಲ್ಲುತ್ತದೆ, ಹೊಟ್ಟೆಯ ಗಟ್ಟಿ ಗೆಡ್ಡೆ ಇಳಿಯುವುದಿಲ್ಲ, ಟ್ಯೂಬಿನ ಪಕ್ಕದಿಂದ ಸೋರುತ್ತದೆ. ಆಗ ಗುದದ್ವಾರದಲ್ಲಿ ಕಿರುಬೆರಳಿಟ್ಟು ತುದಿಯನ್ನು ಮುಂದಕ್ಕೆ ಎತ್ತಿಕೊಡಬಹುದು, ಅಥವಾ ತುದಿ ಬಾಗಿರುವ, "ಕೂಡೆ" ಎಂಬ ಹೆಸರಿನ ನಳಿಕೆ ಬಳಸಬಹುದು. ಎರಡು ಸಲಕ್ಕೆ ಆಗದಿದ್ದರೆ ನಿಲ್ಲಿಸಿ. ರಕ್ತ ಬಂದ ಮೇಲೆ ನಮಗೂ ಕಷ್ಟ. ಹೋಗಿದೆ ಅನ್ನಿಸಿದರೂ ಅಲ್ಟ್ರಾಸೌಂಡ್ ಪ್ರೋಬ್ ಇಟ್ಟು ತುದಿ ಕೋಶದೊಳಗೆ ಇದೆಯೇ ನೋಡಿಸಿ. ಹಾಗಂತ ಮಾರುದ್ದ ತಳ್ಳಲೂಬಾರದು, ಒಳಗೆ ಗಂಟು ಬೀಳುತ್ತದೆ.

ಟ್ಯೂಬನ್ನು ದಾರದಿಂದ ಕಟ್ಟಬೇಡಿ. ಟಿಂಚರ್ ಬೆಂಜೋಯಿನ್ ಹಚ್ಚಿ, ತೆಳು ಪ್ಲಾಸ್ಟರ್ ಟೇಪಿನಿಂದ ಕಿಬ್ಬೊಟ್ಟೆಗೆ ಅಂಟಿಸಿ. ಚರ್ಮದ ಹತ್ತಿರ ಟ್ಯೂಬಿನ ಮೇಲೆ ಪೆನ್ನಿನಿಂದ ಗೆರೆ ಎಳೆದಿಡಿ. ಆಂಬುಲೆನ್ಸಿನಲ್ಲಿ ಜಾರಿದರೆ ಗೆರೆ ಹೇಳುತ್ತದೆ.

ನಳಿಕೆ ಹಾಕಿದ ಮೇಲೆ ನಿಜವಾದ ಪಾಳಿ ಶುರು. ತಡೆ ಬಿಟ್ಟ ಕಿಡ್ನಿ ಕಟ್ಟೆ ಒಡೆದಂತೆ ನೀರನ್ನೂ ಉಪ್ಪನ್ನೂ ಹೊರಗೆ ಹಾಕಬಹುದು. ಪ್ರತಿ ಗಂಟೆ ಅಳೆದು ಬರೆಯಿರಿ. ಗಂಟೆಗೆ ಕೆ.ಜಿ.ಗೆ 1 ಮಿ.ಲೀ.ಗಿಂತ ಕಡಿಮೆ ಅಂದರೆ ಈ ಕೂಸಿಗೆ 2.6 ಮಿ.ಲೀ. ಒಳಗೆ, ಆಗ ಮೊದಲು ಟ್ಯೂಬ್ ಮಡಚಿದೆಯೇ ನೋಡಿ. ಕೆ.ಜಿ.ಗೆ 4 ಮಿ.ಲೀ. ದಾಟಿದರೆ, ಅಂದರೆ 10 ಮಿ.ಲೀ. ಮೀರಿದರೆ, ಡಾಕ್ಟರನ್ನು ಎಬ್ಬಿಸಿ. ಡಯಪರಿಗೂ ಸೋರುತ್ತಿದ್ದರೆ ಒಣ ಡಯಪರನ್ನು ಮೊದಲೇ ತೂಗಿಟ್ಟುಕೊಳ್ಳಿ, ಹೆಚ್ಚಾದ 1 ಗ್ರಾಂಗೆ 1 ಮಿ.ಲೀ. ದಿನಕ್ಕೆ ಎರಡು ಸಲ ಕೂಸಿನ ತೂಕ. ರಕ್ತದ ಸೋಡಿಯಂ, ಪೊಟ್ಯಾಶಿಯಂ, ಬೈಕಾರ್ಬನೇಟ್ ಪರೀಕ್ಷೆ ಮೊದಲ ಎರಡು ದಿನ 6ರಿಂದ 12 ಗಂಟೆಗೊಮ್ಮೆ. ಹೋದಷ್ಟನ್ನೂ ಕುರುಡಾಗಿ ಡ್ರಿಪ್‌ನಲ್ಲಿ ತುಂಬುತ್ತ ಹೋದರೆ, ನಾವು ಕೊಟ್ಟದ್ದನ್ನೇ ಕಿಡ್ನಿ ಹೊರಗೆ ಹಾಕುತ್ತದೆ, ಧಾರೆ ನಿಲ್ಲುವುದೇ ಇಲ್ಲ. ತೂಕ ಮತ್ತು ಸೋಡಿಯಂ ನೋಡಿ ತೀರ್ಮಾನಿಸಬೇಕು. ಪೊಟ್ಯಾಶಿಯಂ ರಿಪೋರ್ಟ್ ಕೈಗೆ ಬರುವ ಮೊದಲು ಡ್ರಿಪ್ಪಿಗೆ ಪೊಟ್ಯಾಶಿಯಂ ಸೇರಿಸಲೇಬಾರದು. ಕಿಡ್ನಿಗೆ ಪೆಟ್ಟು ಕೊಡಬಲ್ಲ ಜೆಂಟಾಮೈಸಿನ್, ಅಮಿಕಾಸಿನ್ ಬರೆಯುವ ಮುನ್ನವೂ ಕಿಡ್ನಿಯ ಸ್ಥಿತಿ ನೆನಪಿರಲಿ.

ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ ಬಗ್ಗೆ ಒಂದು ಮಾತು. ಮೊದಲ 48 ಗಂಟೆ ಕೂಸಿನ ರಕ್ತದಲ್ಲಿ ಇರುವುದು ಬಹುಮಟ್ಟಿಗೆ ತಾಯಿಯ ಕ್ರಿಯಾಟಿನಿನ್. ಮೊದಲ ದಿನ 0.9 ಬಂತು ಅಂತ ಹೆದರಲೂಬೇಡಿ, ಸಮಾಧಾನಪಡಲೂಬೇಡಿ. ಮೂರನೇ ದಿನದಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವುದೇ ಸುದ್ದಿ. ದೊಡ್ಡ ಚಿತ್ರಕ್ಕೆ ಮೊದಲ ವರ್ಷದಲ್ಲಿ ಅದು ಮುಟ್ಟುವ ಅತಿ ಕಡಿಮೆ ಅಂಕಿ ನೋಡುತ್ತೇವೆ. ಡೆಸಿಲೀಟರಿಗೆ 0.8 ಮಿ.ಗ್ರಾಂ ಒಳಗಿದ್ದರೆ ಒಳ್ಳೆಯ ಲಕ್ಷಣ. 1 ದಾಟಿ ಅಲ್ಲೇ ನಿಂತರೆ ಮುಂದೆ ಕಿಡ್ನಿ ಸೋಲುವ ಸಾಧ್ಯತೆ ಹೆಚ್ಚು.

ನಮ್ಮಲ್ಲಿಗೆ ಬಂದ ಮೇಲೆ ಎಂಸಿಯು, ಅಂದರೆ ಮೂತ್ರಕೋಶಕ್ಕೆ ಎಕ್ಸ್‌ರೇಯಲ್ಲಿ ಕಾಣುವ ಔಷಧ ತುಂಬಿ ತೆಗೆಯುವ ಎಕ್ಸ್‌ರೇ. ಕೂಸಿನ ಕೋಶಕ್ಕೆ ಕೆ.ಜಿ.ಗೆ 7 ಮಿ.ಲೀ. ಲೆಕ್ಕದಲ್ಲಿ 18-20 ಮಿ.ಲೀ. ಔಷಧ ಸಾಕು. ಓರೆಯಾಗಿ ಮಲಗಿಸಿ, ಉಚ್ಚೆ ಹೊಯ್ಯುತ್ತಿರುವ ಕ್ಷಣದಲ್ಲೇ ಫಿಲ್ಮ್ ಹಿಡಿಯಬೇಕು, ಇಲ್ಲದಿದ್ದರೆ ಕವಾಟ ತಪ್ಪಿಹೋಗುತ್ತದೆ. ಆಮೇಲೆ 8-9 ಫ್ರೆಂಚ್ ದಪ್ಪದ ಮಕ್ಕಳ ಸಿಸ್ಟೋಸ್ಕೋಪಿನಿಂದ (ಮೂತ್ರದ ದಾರಿಯೊಳಗೆ ನೋಡುವ ಉಪಕರಣ) ಕವಾಟವನ್ನು ಗಡಿಯಾರದ 5 ಮತ್ತು 7ರ ಜಾಗದಲ್ಲಿ, ಕೆಲವರು 12ರಲ್ಲೂ, ಕತ್ತರಿಸುತ್ತೇವೆ ಅಥವಾ ಸುಡುತ್ತೇವೆ. ನಾಳ ತೀರಾ ಸಣ್ಣದಿದ್ದು ಉಪಕರಣ ಹೋಗದಿದ್ದರೆ ವೆಸಿಕಾಸ್ಟಮಿ: ಹೊಕ್ಕುಳು ಮತ್ತು ಜನನಾಂಗದ ನಡುವೆ ಮೂತ್ರಕೋಶವನ್ನೇ ಚರ್ಮಕ್ಕೆ ಹೊಲಿದು ಬಾಯಿ ತೆರೆಯುವುದು. ಚೀಲ ಬೇಡ, ಮೂತ್ರ ನೇರ ಡಯಪರಿಗೆ. ಅಲ್ಲಿ ಮನೆಯವರು ನೋಡಬೇಕಾದ್ದು ಎರಡು. ಡಯಪರ್ ಗಂಟೆಗಟ್ಟಲೆ ಒಣಗಿದ್ದರೆ ಬಾಯಿ ಮುಚ್ಚುತ್ತಿದೆ. ಕೆಂಪು ಮಾಂಸ ಹೊರಗೆ ಉಬ್ಬಿ ಬಂದರೆ ಕೋಶ ಜಾರಿದೆ. ಎರಡಕ್ಕೂ ಅದೇ ದಿನ ಬರಬೇಕು.

ಪ್ರಶ್ನೆ: ರಾತ್ರಿಪಾಳಿ_ಸಿಸ್ಟರ್

ಧನ್ಯವಾದ ಸರ್. ಸ್ಟೋರಿನಲ್ಲಿ 5 ನಂಬರ್ ಫೀಡಿಂಗ್ ಟ್ಯೂಬ್ ಖಾಲಿಯಾಗಿ 6 ಫ್ರೆಂಚ್ ಫೋಲಿ (ತುದಿಯಲ್ಲಿ ಬಲೂನ್ ಇರುವ ನಳಿಕೆ) ಮಾತ್ರ ಇದ್ದರೆ? ಮತ್ತೆ ಡಿಸ್ಚಾರ್ಜ್ ಹಾಳೆಯಲ್ಲಿ ಸೆಫಲೆಕ್ಸಿನ್ ಅಂತ ಬರೆದುಕೊಡುತ್ತಾರೆ, ಮನೆಯವರು ಪ್ರಮಾಣ ಗೊಂದಲ ಮಾಡಿಕೊಳ್ಳುತ್ತಾರೆ.

ಉತ್ತರ 3: ಮಕ್ಕಳ_ಸರ್ಜರಿ

ಫೋಲಿ ಹಾಕಿ, ಬಲೂನ್ ಉಬ್ಬಿಸಬೇಡಿ. ದಪ್ಪಗೋಡೆಯ ಪುಟ್ಟ ಕೋಶದಲ್ಲಿ ಬಲೂನ್ ಕೂತರೆ ಕಿಡ್ನಿಯಿಂದ ಬರುವ ಎರಡು ನಾಳಗಳ ಬಾಯಿಗೇ ಅಡ್ಡವಾಗುತ್ತದೆ, ಕೋಶವೂ ಸೆಟೆದು ಹಿಂಡುತ್ತದೆ. ಹೊರಗಿನಿಂದ ನೋಡಿದರೆ ನಳಿಕೆ ಇದೆ, ಒಳಗೆ ತಡೆ ಹಾಗೇ ಇದೆ. ಉಬ್ಬಿದ ನಾಳದೊಳಗೆ ಬಲೂನ್ ಉಬ್ಬಿದರಂತೂ ನಾಳವೇ ಹರಿಯುತ್ತದೆ. ಟೇಪಿನಿಂದ ಅಂಟಿಸಿ ಕಳಿಸಿ.

ಸೆಫಲೆಕ್ಸಿನ್ ಗೊಂದಲ ನಿಜ. ಸೋಂಕು ತಡೆಯಲು ಮೊದಲ 3 ತಿಂಗಳು ದಿನಕ್ಕೊಮ್ಮೆ ರಾತ್ರಿ ಕೆ.ಜಿ.ಗೆ 10 ಮಿ.ಗ್ರಾಂ, ಅಂದರೆ 2.6 ಕೆ.ಜಿ.ಗೆ 26 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಡ್ರಾಪ್ಸ್ 1 ಮಿ.ಲೀ.ಗೆ 100 ಮಿ.ಗ್ರಾಂ, ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ಡ್ರಾಪ್ಸ್ ಆದರೆ ಕಾಲು ಮಿ.ಲೀ., ಸಿರಪ್ ಆದರೆ 1 ಮಿ.ಲೀ. ಒಂದರ ಅಳತೆಯನ್ನು ಇನ್ನೊಂದಕ್ಕೆ ಹಾಕಿದರೆ ನಾಲ್ಕು ಪಟ್ಟು ಹೆಚ್ಚುಕಡಿಮೆ. ಹಾಳೆಯಲ್ಲಿ ಮಿ.ಗ್ರಾಂ ಬರೆದರೆ ಸಾಲದು, ಬಾಟಲಿ ತೋರಿಸಿ 1 ಮಿ.ಲೀ. ಸಿರಿಂಜಿನ ಮೇಲೆ ಗೆರೆ ಎಳೆದು ಕೊಡಿ. ತೂಕ ಏರಿದಂತೆ ಗೆರೆಯೂ ಏರಬೇಕು. ಕೋಟ್ರೈಮಾಕ್ಸಜೋಲ್, ನೈಟ್ರೋಫ್ಯುರಾಂಟಾಯಿನ್ ಈ ಎಳೆ ವಯಸ್ಸಿಗೆ ಬೇಡ. ಒಂದು ಕಾಮಾಲೆ ಏರಿಸಬಹುದು, ಇನ್ನೊಂದು ರಕ್ತಕಣ ಒಡೆಯಬಹುದು.

ಉತ್ತರ 4: ಪಾದ_ಪ್ಲಾಸ್ಟರ್

ಪಾದದ ವಿಷಯ ನನಗೆ ಬಿಡಿ. ಮೊದಲಿಗೆ, ಸೊಟ್ಟ ಪಾದ ತುರ್ತಲ್ಲ. ಹುಟ್ಟಿದ ಒಂದೆರಡು ವಾರದಲ್ಲಿ ಪ್ಲಾಸ್ಟರ್ ಶುರುವಾದರೆ ಚೆಂದ, ಕಿಡ್ನಿ ಮತ್ತು ಸೋಂಕು ಹತೋಟಿಗೆ ಬರಲು ತಿಂಗಳು ಹಿಡಿದರೂ ಪಾದ ಕಾಯುತ್ತದೆ. ಕಿಡ್ನಿ ಕಾಯುವುದಿಲ್ಲ. ಆದರೆ ಎಸ್‌ಎನ್‌ಸಿಯು ಸಿಸ್ಟರ್‌ಗಳಲ್ಲಿ ಒಂದು ಬೇಡಿಕೆ: ಸಾಧ್ಯವಾದಷ್ಟೂ ಡ್ರಿಪ್ಪಿನ ಕ್ಯಾನುಲಾ ಕೈಗೆ ಹಾಕಿ, ಪಾದ ಬಿಡಿ. ಪಾದದ ಮೇಲೆ ಡ್ರಿಪ್ ಸೋರಿ ಚರ್ಮ ಸುಟ್ಟರೆ, ಅದು ಮಾಯುವವರೆಗೆ ಪ್ಲಾಸ್ಟರ್ ಇಲ್ಲ.

ಹಾಸಿಗೆಯ ಪಕ್ಕದ ಪರೀಕ್ಷೆ ಸರಳ. ಮೊಣಕಾಲು ಮಡಚಿ ಹಿಡಿದು, ಪಾದವನ್ನು ಮೆಲ್ಲಗೆ ಹೊರಕ್ಕೆ ಮತ್ತು ಮೇಲಕ್ಕೆ ತನ್ನಿ. ಸಲೀಸಾಗಿ ನೇರಕ್ಕೆ ಬಂದು, ಹಿಮ್ಮಡಿಯ ಮೂಳೆ ಕೈಗೆ ಸಿಕ್ಕರೆ ಅದು ಬರೀ ಒತ್ತಡದಿಂದ ಬಾಗಿದ್ದು. ಹಲವು ಪಾದ ದಿನಕ್ಕೆ ನಾಲ್ಕೈದು ಸಲದ ಮೃದು ವ್ಯಾಯಾಮಕ್ಕೇ ದಾರಿಗೆ ಬರುತ್ತವೆ. ಅರ್ಧಕ್ಕೇ ನಿಂತು, ಹಿಮ್ಮಡಿ ಚಿಕ್ಕದಾಗಿ ಮೇಲಕ್ಕೆ ಸೇದಿಕೊಂಡಿದ್ದು, ಹಿಂದೆಯೂ ಪಾದದ ಒಳಬದಿಯಲ್ಲೂ ಆಳದ ಗೆರೆ ಇದ್ದರೆ ನಿಜವಾದ ಕ್ಲಬ್‌ಫೂಟ್. ಗರ್ಭದ ನೀರು ಇಲ್ಲದೆ ಬೆಳೆದ ಕೂಸಿನಲ್ಲಿ ಎರಡೂ ಬಗೆ ಬರುತ್ತವೆ. ನೀರು ಕಡಿಮೆಯಿತ್ತು ಅಂದಮಾತ್ರಕ್ಕೆ "ತಾನಾಗೇ ಸರಿಹೋಗುತ್ತೆ" ಅಂತ ಹೇಳಿ ಕಳಿಸಬೇಡಿ.

ಚಿಕಿತ್ಸೆ ಪೊನ್‌ಸೆಟಿ ವಿಧಾನ, ಅಮೆರಿಕದ ಅಯೋವಾದಲ್ಲಿ ಇಗ್ನಾಸಿಯೊ ಪೊನ್‌ಸೆಟಿ ರೂಪಿಸಿದ್ದು. ವಾರಕ್ಕೊಂದು ಪ್ಲಾಸ್ಟರ್, ಸಾಮಾನ್ಯವಾಗಿ 5ರಿಂದ 7. ಪ್ರತಿಯೊಂದೂ ತೊಡೆಸಂದಿನವರೆಗೆ, ಮೊಣಕಾಲು 90 ಡಿಗ್ರಿ ಮಡಚಿ. ಮೊಣಕಾಲಿನ ಕೆಳಗಷ್ಟೇ ಹಾಕಿದರೆ ಕೂಸು ಒದ್ದು ಜಾರಿಸಿಬಿಡುತ್ತದೆ, ಪಾದದ ತಿರುಚೂ ಹಿಡಿತಕ್ಕೆ ಸಿಗುವುದಿಲ್ಲ. ಮೊದಲ ಪ್ಲಾಸ್ಟರಿನಲ್ಲಿ ಹೆಬ್ಬೆರಳ ಬುಡವನ್ನು ಮೇಲಕ್ಕೆತ್ತಿ ಅಂಗಾಲಿನ ಕಮಾನು ಸಡಿಲಿಸಬೇಕು. ನೋಡುವವರಿಗೆ ಪಾದ ಇನ್ನಷ್ಟು ಸೊಟ್ಟಗಾದಂತೆ ಕಾಣುತ್ತದೆ, ಮನೆಯವರಿಗೆ ಮೊದಲೇ ಹೇಳಿಡಿ. ಆಮೇಲೆ ಹೊರಗಿನಿಂದ ಪಾದದ ಕೀಲಿನ ಟೇಲಸ್ ಮೂಳೆಯ ತಲೆಗೆ ಹೆಬ್ಬೆರಳಿಟ್ಟು, ಅದನ್ನೇ ಗೂಟವಾಗಿ ಮಾಡಿಕೊಂಡು ಪಾದವನ್ನು ಹೊರಕ್ಕೆ ತಿರುಗಿಸುತ್ತ, ವಾರವಾರಕ್ಕೆ 60-70 ಡಿಗ್ರಿವರೆಗೆ ಒಯ್ಯಬೇಕು. ಹಿಮ್ಮಡಿಯನ್ನು ಹಿಡಿದು ತಿರುವಿದರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊಸಬರ ಕೈಯಲ್ಲಿ ಕೆಡುವುದು ಹೆಚ್ಚಾಗಿ ಇದೊಂದರಿಂದ. ಕೊನೆಗೆ ಹತ್ತರಲ್ಲಿ ಎಂಟು ಪಾದಕ್ಕಾದರೂ ಹಿಮ್ಮಡಿಯ ನರ ಅನ್ನುತ್ತೇವಲ್ಲ, ಆ ಸ್ನಾಯುರಜ್ಜುವನ್ನು ಸಣ್ಣ ಚಾಕುವಿನಿಂದ ಕತ್ತರಿಸಿ 3 ವಾರದ ಕೊನೆಯ ಪ್ಲಾಸ್ಟರ್. ಕತ್ತರಿಸಿದ್ದು ಅಷ್ಟರಲ್ಲಿ ಉದ್ದವಾಗಿ ಕೂಡಿಕೊಳ್ಳುತ್ತದೆ.

ಮೂತ್ರದ ಆಪರೇಷನ್‌ಗೆ ಪ್ಲಾಸ್ಟರ್ ಅಡ್ಡವೇ ಅಂದಿರಿ. ಸಿಸ್ಟೋಸ್ಕೋಪಿಗೆ ಕಾಲು ಅಗಲಿಸಿ ಮೇಲೆತ್ತಬೇಕು. ಎರಡೂ ಕಾಲಿಗೆ ತೊಡೆವರೆಗೆ ಪ್ಲಾಸ್ಟರ್ ಇದ್ದರೂ ಮಾಡಬಹುದು, ಆದರೆ ತೊಡೆಸಂದಿನ ಅಂಚು ಒದ್ದೆಯಾಗುತ್ತದೆ. ಆ ವಾರ ಪ್ಲಾಸ್ಟರ್ ಬಿಚ್ಚಿ, ಆಪರೇಷನ್ ಆದ ಮೇಲೆ ಹಾಕಿಸಿಕೊಳ್ಳುವುದೇ ಲೇಸು. ವೆಸಿಕಾಸ್ಟಮಿ ಆಗಿದ್ದರೆ ಮೂತ್ರ ಪ್ಲಾಸ್ಟರಿನ ಮೇಲಂಚಿಗೆ ಇಳಿಯುತ್ತದೆ. ಡಯಪರನ್ನು ಪ್ಲಾಸ್ಟರಿನ ಒಳಗೆ ಸಿಕ್ಕಿಸಬೇಡಿ, ಮೇಲೆ ಬರುವಂತೆ ಬಿಗಿದು ಬೇಗ ಬೇಗ ಬದಲಿಸಿ. ಎರಡು ಮೂರು ತಿಂಗಳಿಗೆ ಸರ್ಜನ್ ಮತ್ತೆ ಸಿಸ್ಟೋಸ್ಕೋಪಿ ಮಾಡುವುದಿದ್ದರೆ, ಹಿಮ್ಮಡಿಯ ಸ್ನಾಯುರಜ್ಜು ಕತ್ತರಿಸುವುದನ್ನೂ ಅದೇ ಅರಿವಳಿಕೆಯಲ್ಲಿ ಮುಗಿಸಬಹುದೇ ಕೇಳಿ. ಕಿಡ್ನಿ ಸೋತ ಕೂಸಿಗೆ ಒಂದು ಅರಿವಳಿಕೆ ಉಳಿದರೂ ಲಾಭವೇ.

ಮನೆಯಲ್ಲಿ ನೋಡಬೇಕಾದ್ದು ಬೆರಳು. ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ನಿನ್ನೆ ಕಾಣುತ್ತಿದ್ದ ಬೆರಳು ಇವತ್ತು ಪ್ಲಾಸ್ಟರಿನೊಳಗೆ ಮರೆಯಾಗಿದ್ದರೆ ಬೆರಳು ಒಳಗೆ ಹೋದದ್ದಲ್ಲ, ಪ್ಲಾಸ್ಟರ್ ಜಾರಿದೆ, ಅವತ್ತೇ ಬಿಚ್ಚಿಸಬೇಕು. ಮುಂದಿನ ಪ್ಲಾಸ್ಟರಿನ ಹಿಂದಿನ ರಾತ್ರಿಯೇ ಮನೆಯಲ್ಲಿ ನೀರಿನಲ್ಲಿ ನೆನೆಸಿ ಬಿಚ್ಚಿಕೊಂಡು ಬರುವವರಿದ್ದಾರೆ. ಒಂದೇ ರಾತ್ರಿಯಲ್ಲಿ ಗಳಿಸಿದ್ದು ಅರ್ಧ ಹಿಂದಕ್ಕೆ ಹೋಗುತ್ತದೆ.

ಪ್ಲಾಸ್ಟರ್ ಮುಗಿದ ಮೇಲೆ ಅಸಲಿ ಕೆಲಸ: ಕಂಬಿಯ ಶೂ. ಕಂಬಿಯ ಉದ್ದ ಕೂಸಿನ ಭುಜದಷ್ಟು ಅಗಲ, ಸೊಟ್ಟಗಿದ್ದ ಪಾದ 60-70 ಡಿಗ್ರಿ ಹೊರಕ್ಕೆ. ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಿದ್ದೆಯ ಹೊತ್ತು 12-14 ಗಂಟೆ, 4 ವರ್ಷದವರೆಗೆ. ಪಾದ ನೋಡಲು ಚೆನ್ನಾಗಿದೆ ಅಂತ ಶೂ ಅಟ್ಟಕ್ಕೆ ಸೇರಿದರೆ ಪಾದ ಮತ್ತೆ ತಿರುಗುತ್ತದೆ.

ಪಾದದ ಗಲಾಟೆಯಲ್ಲಿ ಸೊಂಟ ಮರೆಯಬೇಡಿ. ನೀರು ಕಡಿಮೆಯಿದ್ದ ಕೂಸಿಗೆ ಸೊಂಟದ ಕೀಲು ಜಾರಿರಬಹುದು, ಹೊರಗೆ ಏನೂ ಕಾಣುವುದಿಲ್ಲ. ಹುಟ್ಟಿದಾಗ ಕೈಯಿಂದ ಪರೀಕ್ಷೆ, 6 ವಾರಕ್ಕೆ ಸೊಂಟದ ಅಲ್ಟ್ರಾಸೌಂಡ್. ಇಲ್ಲಿಗೇ ಅಜ್ಜಿಯರ ಪ್ರಶ್ನೆ ಬರುತ್ತದೆ. ಎಣ್ಣೆ ಹಚ್ಚಲಿ, ಚರ್ಮಕ್ಕೆ ಒಳ್ಳೆಯದು. ಆದರೆ ಎರಡೂ ಕಾಲು ಜೋಡಿಸಿ ನೆಟ್ಟಗೆ ಎಳೆದು ನೀವುವುದು, ಆಮೇಲೆ ಕಾಲು ನೇರ ಮಾಡಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುವುದು ಬೇಡವೇ ಬೇಡ. ಹಾಗೆ ಎಳೆದರೆ ಸಡಿಲ ಕೀಲು ಗುಳಿಯಿಂದ ಹೊರಬರುತ್ತದೆ. ಕಾಲು ಕಪ್ಪೆಯಂತೆ ಮಡಚಿ ಅಗಲವಾಗಿರಲಿ. ಸ್ವಲ್ಪ ದೊಡ್ಡದಾದ ಮೇಲೆ ನಮ್ಮೂರ ಹೆಂಗಸರು ಕಂಕುಳಲ್ಲಿ ಎತ್ತಿಕೊಳ್ಳುವ ರೀತಿ ಇದೆಯಲ್ಲ, ಸೊಂಟಕ್ಕೆ ಅದು ಬಹಳ ಒಳ್ಳೆಯದು.

ಉತ್ತರ 5: ಜೆನೆಟಿಕ್ಸ್_ಒಪಿಡಿ

ಕೈಯ ಪ್ರಶ್ನೆಗೆ ಯಾರೂ ಬರಲಿಲ್ಲ. ಪಾದ ಮಡಚಿಕೊಳ್ಳಲು ಒತ್ತಡ ಸಾಕು. ಆದರೆ ಯಾವ ಒತ್ತಡವೂ ಹೆಬ್ಬೆರಳನ್ನು ಇಲ್ಲವಾಗಿಸುವುದಿಲ್ಲ. ಹೆಬ್ಬೆರಳು ಇಲ್ಲ, ಅಥವಾ ದಾರಕ್ಕೆ ಜೋತುಬಿದ್ದಂತಿದೆ, ಅಥವಾ ಮುಂಗೈಯ ಹೆಬ್ಬೆರಳ ಕಡೆಯ ಮೂಳೆ ರೇಡಿಯಸ್ ಇಲ್ಲದೆ ಕೈ ಒಳಕ್ಕೆ ಬಾಗಿದೆ ಅಂದರೆ, ಅಂಗಾಂಗ ಮೂಡುವ ಮೊದಲ ಎರಡು ತಿಂಗಳಲ್ಲೇ ತಪ್ಪಾಗಿದೆ. ಆ ಹೊತ್ತಿಗೆ ಮೂಡುತ್ತಿದ್ದ ಬೇರೆ ಅಂಗಗಳನ್ನೂ ತಡಕಬೇಕು.

ಮೊದಲ ಹೆಸರು ವ್ಯಾಕ್ಟರ್ಲ್: ಬೆನ್ನುಮೂಳೆ, ಗುದದ್ವಾರ, ಹೃದಯ, ಶ್ವಾಸನಾಳ-ಅನ್ನನಾಳ, ಕಿಡ್ನಿ, ಕೈಕಾಲು, ಇವುಗಳಲ್ಲಿ ಮೂರಾದರೂ ಕೆಟ್ಟಿರುವುದು. ಹಾಲು ಕೊಡುವ ಮೊದಲೇ 10 ಫ್ರೆಂಚ್ ಗಟ್ಟಿ ಟ್ಯೂಬನ್ನು ಬಾಯಿಂದ ಹೊಟ್ಟೆಗೆ ಹಾಕಿ ನೋಡಿ, 10 ಸೆಂ.ಮೀ. ಹತ್ತಿರ ನಿಂತರೆ ಅನ್ನನಾಳ ಕಟ್ಟಿದೆ. ಇಲ್ಲಿ 5 ನಂಬರ್ ತೆಳು ಟ್ಯೂಬ್ ಬೇಡ, ಸುರುಳಿ ಸುತ್ತಿ ಹೋದಂತೆ ಮೋಸಮಾಡುತ್ತದೆ. ಗುದದ್ವಾರ ಇದೆಯೇ, ಸರಿಯಾದ ಜಾಗದಲ್ಲಿದೆಯೇ ನೋಡಿ. ಗಂಡು ಕೂಸಿನ ಉಚ್ಚೆಯಲ್ಲಿ ಹಸಿರು-ಕಪ್ಪು ಮಲ ಕಂಡರೆ ಕರುಳಿಗೂ ಮೂತ್ರನಾಳಕ್ಕೂ ಸಂಪರ್ಕ ಇದೆ. ಹೃದಯದ ಎಕೋ, ಬೆನ್ನಿನ ಎಕ್ಸ್‌ರೇ, 3 ತಿಂಗಳೊಳಗೆ ಬೆನ್ನಿನ ಅಲ್ಟ್ರಾಸೌಂಡ್ ಮಾಡಿಸಿ.

ವ್ಯಾಕ್ಟರ್ಲ್ ಅಂತ ಬರೆದು ಫೈಲ್ ಮುಚ್ಚಬೇಡಿ, ಅದು ಉಳಿದವನ್ನು ತಳ್ಳಿಹಾಕಿದ ಮೇಲೆ ಉಳಿಯುವ ಹೆಸರು. ರೇಡಿಯಸ್ ಇಲ್ಲದಿದ್ದರೂ ಹೆಬ್ಬೆರಳು ಇದೆಯೇ? ಪ್ಲೇಟ್‌ಲೆಟ್ ಎಣಿಸಿ, ಅವು ಕಡಿಮೆಯಿರುವ ಟಾರ್ ಸಿಂಡ್ರೋಮ್ ಇರಬಹುದು. ಆಪರೇಷನ್ ಟೇಬಲ್ಲಿನಲ್ಲಿ ರಕ್ತಸ್ರಾವವಾಗುವ ಮುಂಚೆ ಗೊತ್ತಾಗುವುದು ಒಳ್ಳೆಯದು. ಕೈ ಮತ್ತು ಹೃದಯ ಎರಡೇ ಕೆಟ್ಟಿದ್ದರೆ ಹೋಲ್ಟ್-ಓರಮ್, ತಂದೆತಾಯಿಯ ಕೈಯನ್ನೂ ನೋಡಿ. ಕೈಯ ಜೊತೆ ಕಿಡ್ನಿ ದೋಷ, ಚಿಕ್ಕ ತಲೆ, ಚರ್ಮದ ಮೇಲೆ ಕಂದು ಮಚ್ಚೆ ಇದ್ದರೆ ಫ್ಯಾಂಕೋನಿ ಅನೀಮಿಯಾಕ್ಕಾಗಿ ಕ್ರೋಮೋಸೋಮ್ ಒಡೆಯುವ ಪರೀಕ್ಷೆ. ರಕ್ತ ಕೆಡುವುದು ವರ್ಷಗಳ ಮೇಲೆ, ಆದರೆ ಮುಂದಿನ ಬಸಿರಿಗೆ ಲೆಕ್ಕ ಈಗಲೇ ಬೇಕು: ತಂದೆತಾಯಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು. ನಮ್ಮ ಕಡೆ ಸೋದರಮಾವನ ಜೊತೆ, ಅತ್ತೆ ಮಕ್ಕಳ ಜೊತೆ ಮದುವೆ ಇರುವುದರಿಂದ ಸಂಬಂಧ ಕೇಳಿ ಬರೆದುಕೊಳ್ಳುವುದು ವಾಡಿಕೆಗಲ್ಲ, ಅಗತ್ಯಕ್ಕೆ.

ಮೂರನೇ ದಾರಿಯೊಂದಿದೆ, ಅದನ್ನು ಮೇಲಿನವರು ಬಿಟ್ಟಿದ್ದಾರೆ. ಉಚ್ಚೆ ಕಟ್ಟಿದ್ದು, ಪಾದ ಸೊಟ್ಟಗಾದದ್ದು ಎರಡೂ ಬೆನ್ನುಹುರಿಯಿಂದ ಬಂದಿರಬಹುದು. ಕೂಸನ್ನು ಬೋರಲು ಹಾಕಿ ಬೆನ್ನು ನೋಡಿ: ಗುಳಿ, ಕೂದಲ ಗುಚ್ಛ, ಕೊಬ್ಬಿನ ಉಬ್ಬು. ಪೃಷ್ಠದ ಸೀಳು ಚಿಕ್ಕದಾಗಿ, ಕೆಳಬೆನ್ನು ಚಪ್ಪಟೆಯಿದ್ದರೆ ಬೆನ್ನುಮೂಳೆಯ ಕೆಳಭಾಗದ ಮೂಳೆಯಾದ ತ್ರಿಕಾಸ್ಥಿ ಬೆಳೆದಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇತ್ತೇ ಕೇಳಿ. ಅಂಗಾಲು ಕೆರೆದಾಗ ಬೆರಳು ಅಲುಗುತ್ತವೆಯೇ, ಗುದದ ಬಿಗಿತ ಇದೆಯೇ ಪರೀಕ್ಷಿಸಿ. ಹೆಣ್ಣು ಕೂಸಿನಲ್ಲಿ ಈ ಜೋಡಿ ಕಂಡರೆ ಪಿಯುವಿ ಇರಲು ಸಾಧ್ಯವೇ ಇಲ್ಲ, ಮೊದಲು ಬೆನ್ನು ತಿರುಗಿಸಿ ನೋಡಿ.

ಉತ್ತರ 6: ಸ್ಕ್ಯಾನ್_ರೂಮ್

ಹುಟ್ಟುವ ಮುಂಚಿನದು ಚುಟುಕಾಗಿ. ಎಎಫ್‌ಐ 5 ಸೆಂ.ಮೀ. ಒಳಗೆ ಅಥವಾ ಅತಿ ಆಳದ ನೀರಿನ ಗುಂಡಿ 2 ಸೆಂ.ಮೀ. ಒಳಗೆ ಇದ್ದರೆ ನೀರು ಕಡಿಮೆ. ಮೂತ್ರಕೋಶ ಮತ್ತು ಅದರ ಕೆಳಗಿನ ಉಬ್ಬಿದ ನಾಳ ಸೇರಿ ಬೀಗದ ತೂತಿನ ಆಕಾರ ಕಾಣುತ್ತದೆ. ರಿಪೋರ್ಟಿನಲ್ಲಿ ಪಿಯುವಿ ಅನ್ನದೆ "ಮೂತ್ರಕೋಶದ ಕೆಳಗೆ ತಡೆ" ಅಂತ ಬರೆಯುತ್ತೇವೆ. ಒಂದು, ಬೇರೆ ಕಾರಣಗಳೂ ಇವೆ; ಇನ್ನೊಂದು, ಪಿಯುವಿ ಅಂದರೆ ಲಿಂಗ ಹೇಳಿದಂತೆ, ಕಾನೂನು ಒಪ್ಪುವುದಿಲ್ಲ.

ಹೊಟ್ಟೆಯೊಳಗೇ ಕೊಳವೆ ಹಾಕಿ ಮೂತ್ರವನ್ನು ಗರ್ಭದ ನೀರಿಗೆ ಬಿಡುವ ಶಂಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಬ್ರಿಟನ್ನಿನ ಪ್ಲೂಟೋ ಪ್ರಯೋಗ 2013ರಲ್ಲಿ ಪ್ರಕಟವಾಯಿತು. 31 ತಾಯಂದಿರಷ್ಟೇ ಸೇರಿದ್ದರಿಂದ ನಡುವೆಯೇ ನಿಲ್ಲಿಸಬೇಕಾಯಿತು. ಶಂಟ್ ಹಾಕಿದ 16ರಲ್ಲಿ 8 ಕೂಸು, ಹಾಕದ 15ರಲ್ಲಿ 4 ಕೂಸು 28 ದಿನ ದಾಟಿದವು. ಆದರೆ ಎರಡು ವರ್ಷಕ್ಕೆ ಕಿಡ್ನಿ ಸರಿಯಿದ್ದದ್ದು ಎರಡೇ ಮಕ್ಕಳಲ್ಲಿ. ಅಂದರೆ ಶಂಟ್ ಉಸಿರಿಗೆ ಸ್ವಲ್ಪ ಅವಕಾಶ ಕೊಡಬಹುದು, ಕೆಟ್ಟ ಕಿಡ್ನಿಯನ್ನು ಸರಿಮಾಡುವುದಿಲ್ಲ. ಕೊಳವೆ ಜಾರುವುದೂ ಉಂಟು.

20 ವಾರದ ಒಳಗೇ ನೀರು ಪೂರಾ ಇಂಗಿ, ಕಿಡ್ನಿ ಬೆಳ್ಳಗೆ ಹೊಳೆಯುತ್ತ ಗುಳ್ಳೆಗಟ್ಟಿದ್ದರೆ ಮನೆಯವರಿಗೆ ನೇರ ಮಾತು ಹೇಳಬೇಕು, ತಡಮಾಡಬಾರದು. 2021ರ ತಿದ್ದುಪಡಿಯ ನಂತರ, ಗಂಭೀರ ದೋಷವಿದೆ ಅಂತ ವೈದ್ಯಕೀಯ ಮಂಡಳಿ ಒಪ್ಪಿದರೆ 24 ವಾರ ದಾಟಿದ ಮೇಲೂ ಗರ್ಭ ತೆಗೆಸಲು ಕಾನೂನಿನಲ್ಲಿ ಅವಕಾಶವಿದೆ. ಮುಂದುವರಿಸುವ ನಿರ್ಧಾರವಾದರೆ ಹೆರಿಗೆಯನ್ನೇ ಮಕ್ಕಳ ಸರ್ಜನ್ ಮತ್ತು ವೆಂಟಿಲೇಟರ್ ಇರುವಲ್ಲಿ ಮಾಡಿಸಿ.

ಉತ್ತರ 7: ಶಿಶುವೈದ್ಯ_ಹಳಬ

ಖರ್ಚಿನ ಸಾಲನ್ನೂ ಸೂಚನೆಗೆ ಸೇರಿಸಿ ಸಿಸ್ಟರ್. ಸೊಟ್ಟ ಪಾದ ಮತ್ತು ಸೊಂಟದ ಕೀಲು ಎರಡೂ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಯೋಜನೆ) ಪಟ್ಟಿಯಲ್ಲಿವೆ, ಜಿಲ್ಲಾ ಆಸ್ಪತ್ರೆಯಲ್ಲಿ ಅದರ ಕೇಂದ್ರವಾದ ಡಿಇಐಸಿಗೆ ಚೀಟಿ ಬರೆದುಕೊಡಿ. ಕವಾಟದ ಆಪರೇಷನ್‌ಗೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಮೊದಲೇ ವಿಚಾರಿಸಲಿ, ರೇಷನ್ ಕಾರ್ಡ್ ಮತ್ತು ತಾಯಿಯ ಆಧಾರ್ ಜೊತೆಗಿರಲಿ.

ಕಳಿಸುವ ಚೀಟಿಯಲ್ಲಿ ಇವು ಇರಬೇಕು: ನಳಿಕೆ ಹಾಕಿದ ಗಂಟೆ, ಸೈಜು, ಚರ್ಮದ ಹತ್ತಿರದ ಗುರುತು ಎಷ್ಟನೇ ಸೆಂ.ಮೀ., ಅಲ್ಲಿಂದೀಚೆಗೆ ಗಂಟೆವಾರು ಮೂತ್ರ, ಕೊಟ್ಟ ಡ್ರಿಪ್, ಕೊನೆಯ ಪೊಟ್ಯಾಶಿಯಂ, ಕೊಟ್ಟ ಆಂಟಿಬಯಾಟಿಕ್, ಮೂತ್ರ ಕಲ್ಚರಿಗೆ (ಸೋಂಕು ಪತ್ತೆಗೆ) ಕಳಿಸಿದ್ದೀರೋ ಇಲ್ಲವೋ. ಕಲ್ಚರ್ ಅಂದರೆ ನಳಿಕೆ ಹಾಕಿದ ಕೂಡಲೇ ಬಂದ ಮೊದಲ ಮೂತ್ರ, ಬ್ಯಾಗಿನಿಂದ ತೆಗೆದದ್ದಲ್ಲ.

ರಾತ್ರಿಪಾಳಿ_ಸಿಸ್ಟರ್

ಬರೆದುಕೊಂಡೆ. ಮೊದಲ ಸಾಲು ಉಸಿರು, ಎರಡನೆಯದು ಬಲೂನ್ ಬೇಡ, ಮೂರನೆಯದು ಪಾದಕ್ಕೆ ಕ್ಯಾನುಲಾ ಬೇಡ, ಆಮೇಲೆ ಕೂಸನ್ನು ಬೋರಲು ಹಾಕಿ ಬೆನ್ನು ನೋಡಿ. ಗಂಟೆವಾರು ಮೂತ್ರದ ಪಟ್ಟಿಗೆ ಕೆಳಗೆ ಜಾಗ ಬಿಟ್ಟಿದ್ದೇನೆ.